ಎಂಟು ಮುಚ್ಚಳಗಳು

ಇಷ್ಟು ಸಣ್ಣ ವಿಷಯವನ್ನು ಕಥೆ ಮಾಡಿ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗಾಜಿನ ಬಟ್ಟಲುಗಳ ಎಂಟು ಮುಚ್ಚಳಗಳು, ದಾರದಷ್ಟು ತೆಳ್ಳಗಿನ ಬೇರುಗಳು, ಒಬ್ಬ ಮನುಷ್ಯನ ಒಂದು ದಿನ, ಇದರಲ್ಲಿರುವುದು ಇಷ್ಟೇ. ಸಸ್ಯಶಾಸ್ತ್ರವನ್ನು ಕ್ರಮವಾಗಿ ಓದಿದವರು ಹೇಳಿದ್ದರೆ ಇನ್ನೂ ಸರಿಯಾಗಿ ಹೇಳುತ್ತಿದ್ದರು. ನಾನು ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಅರ್ಧ ಪಾಠಕ್ಕೆ ತೂಕಡಿಸುತ್ತ ಕಲಿತವನು. ಈ ಕಥೆಯ ಮನುಷ್ಯನೂ ಹಾಗೆಯೇ, ಅದೇ ಬೆಂಚಿನಲ್ಲಿ ನನ್ನ ಪಕ್ಕ ಕೂತು. ಎಲ್ಲಾದರೂ ತಪ್ಪು ಹೇಳಿದ್ದರೆ ಅದು ನನ್ನದೆಂದುಕೊಂಡು ಮುಂದೆ ಓದಬೇಕು.

ಅವನು ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಸಹಾಯಕ. ಆ ಗುರುವಾರ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಚೀಲದಿಂದ ಎಂಟು ಲಕೋಟೆಗಳನ್ನು ತೆಗೆದು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ. ಪ್ರತಿಯೊಂದರಲ್ಲೂ ಒಣಗಿ ಸೆಟೆದುಕೊಂಡ ಒಂದು ದುಂಡನೆಯ ಫಿಲ್ಟರ್ ಪೇಪರ್ ಇತ್ತು. ಎರಡು ವಾರದ ಹಿಂದೆ ಆ ಕಾಗದಗಳ ಮೇಲೆ ಈರುಳ್ಳಿ ಬೀಜ ಮೊಳೆತಿದ್ದವು. ನಾಲ್ಕಕ್ಕೆ ಬರಿಯ ನೀರು ಉಣಿಸಿದ್ದ. ಇನ್ನು ನಾಲ್ಕಕ್ಕೆ, ಊರಾಚೆಯ ಮದ್ಯದ ಕಾರ್ಖಾನೆಯಿಂದ ಹೊರಬರುವ ಕಂದು ನೀರನ್ನು ನೂರಕ್ಕೆ ಐದು ಪಾಲಿನಂತೆ ಬೆರೆಸಿದ ನೀರು. ಯಾವ ನಾಲ್ಕಕ್ಕೆ ಯಾವುದು ಎಂಬುದೇ ಈಗ ಅವನಿಗೆ ಖಚಿತವಿರಲಿಲ್ಲ. ಒಂಬತ್ತು ದಿನಗಳಿಂದ ಖಚಿತವಿರಲಿಲ್ಲ, ಒಂಬತ್ತು ದಿನಗಳಿಂದ ಯಾರಿಗೂ ಹೇಳಿರಲಿಲ್ಲ. ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಹೆಂಡತಿಯ ಮುಂದೆ ಮೊದಲ ಲಕೋಟೆ ಹಿಡಿದ.

"ಇದನ್ನ ಸ್ವಲ್ಪ ಮೂಸಿ ನೋಡು."

"ಬೆಳಿಗ್ಗೆ ಬೆಳಿಗ್ಗೆ ನಂಗೆ ಬೇರೆ ಕೆಲ್ಸ ಇಲ್ವಾ?" ಎಂದರೂ ಅವಳು ಕುರ್ಚಿ ಎಳೆದುಕೊಂಡು ಕೂತಳು. ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವುದು ಗೊತ್ತಿಲ್ಲ. ಕಣ್ಣು ಮುಚ್ಚಿ ಒಂದೊಂದನ್ನೇ ಮೂಸಿದಳು, ನಡುವೆ ಬಾಗಿಲಿನ ಕಡೆ ಮುಖ ತಿರುಗಿಸಿ ಹೊರಗಿನ ಗಾಳಿ ಎಳೆದುಕೊಂಡಳು, ಮೂರನೆಯದನ್ನು ಎರಡು ಸಲ ಮೂಸಿದಳು. ಅವನು ಉಸಿರು ಬಿಗಿಹಿಡಿದು ಅವಳ ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದ. ಹದಿನೆಂಟು ವರ್ಷದಲ್ಲಿ ಅವುಗಳನ್ನು ಇಷ್ಟು ಗಮನವಿಟ್ಟು ನೋಡಿರಲಿಲ್ಲವಲ್ಲ, ಎಷ್ಟು ಚೆನ್ನಾಗಿವೆ, ಎಂದುಕೊಂಡ.

"ಬೇಜಾರು ಮಾಡ್ಕೋಬೇಡಿ," ಎಂದಳು ಕೊನೆಗೆ. "ಎಂಟರಲ್ಲೂ ನಿಮ್ಮ ವಾಸನೇನೇ ಬರ್ತಿದೆ."

"ನನ್ನ ವಾಸನೆ ಅಂದ್ರೆ?"

"ಆ ಫ್ಯಾಕ್ಟರಿ ನೀರಿಂದು. ಎರಡು ತಿಂಗ್ಳಿಂದ ದಿಂಬಿಗೂ ಅದೇ, ಬಾಚಣಿಗೆಗೂ ಅದೇ. ನಂಗೆ ಅಭ್ಯಾಸ ಆಗ್ಹೋಗಿದೆ. ಈಗ ನೀವು ಸೋಪು ಹಾಕ್ಕೊಂಡು ಘಮಘಮ ಅಂತ ಬಂದ್ರೆ ಯಾರೋ ನೆಂಟ್ರು ಬಂದ್ರು ಅನ್ಸತ್ತೆ. ಯಾಕೆ, ಏನಾಯ್ತು?"

"ಏನಿಲ್ಲ."

"ಏನಿಲ್ಲ ಅಂದಾಗೆಲ್ಲ ನಿಮ್ಮ ಕಿವಿ ಕೆಂಪಗಾಗತ್ತೆ," ಎಂದು ಅವಳು ಎದ್ದು, ಅವನ ಕಿವಿಯ ತುದಿಯನ್ನು ಒದ್ದೆ ಬೆರಳಿನಿಂದ ಒಮ್ಮೆ ಹಿಂಡಿ, ಒಲೆಯ ಕಡೆ ಹೋದಳು.

ಕಾಲೇಜಿಗೆ ಅವನು ನಡೆದೇ ಹೋಗುತ್ತಾನೆ. ಸೈಕಲ್ ರಿಪೇರಿಯವನ ಅಂಗಡಿ, ಗಿರಣಿ, ಯಾವಾಗಲೂ ಅರ್ಧ ಬಾಗಿಲು ತೆರೆದಿರುವ ಅಂಚೆ ಕಚೇರಿ, ಆಮೇಲೆ ಗೋಡೆಯುದ್ದಕ್ಕೂ ನೆರಳು. ಆ ದಿನವೂ ನೆರಳು ಹಿತವಾಗಿತ್ತು. ತಾನು ಚಿಂತೆಯಲ್ಲಿದ್ದೇನೆ ಎಂಬುದು ನೆನಪಿದ್ದರೂ ಕಾಲುಗಳು ಖುಷಿಯಾಗಿಯೇ ನಡೆಯುತ್ತಿದ್ದವು. ಇದು ಅವನಿಗೆ ಮೊದಲಿನಿಂದಲೂ ನಾಚಿಕೆಯ ವಿಷಯ. ಚಿಂತೆ ಮಾಡುವವರು ಚೆನ್ನಾಗಿ ಚಿಂತೆ ಮಾಡಬೇಕು, ಹಸಿವು ಕಟ್ಟಬೇಕು, ನಿದ್ದೆ ಕೆಡಬೇಕು. ಅವನಿಗೋ ಈ ಒಂಬತ್ತು ದಿನವೂ ನಿದ್ದೆ ಬಂದಿತ್ತು, ಊಟ ರುಚಿಸಿತ್ತು, ಕೆಲಸ ಎಂದಿನಂತೆ ಇಷ್ಟವಾಗಿತ್ತು. ತಪ್ಪು ಮಾತ್ರ ಚಪ್ಪಲಿಯೊಳಗೆ ಸೇರಿಕೊಂಡ ಮರಳಿನ ಕಾಳಿನಂತೆ ಅಲ್ಲೇ ಇತ್ತು. ಅಷ್ಟು ಸಣ್ಣದಕ್ಕೆ ನಿಂತು ಚಪ್ಪಲಿ ಬಿಚ್ಚುವುದು ಹೇಗೆ ಎಂದು ನಡೆಯುತ್ತಲೇ ಇದ್ದ.

ಆದದ್ದು ಹೀಗೆ. ಕಾರ್ಖಾನೆಯ ಪಕ್ಕದಲ್ಲಿ ತೋಟ, ಸಸಿಮಡಿ ಮಾಡಿಕೊಂಡವರು ಕೆಲವರು ಕೂಡಿ ಕಾಲೇಜಿಗೆ ಒಂದು ಅರ್ಜಿ ಕೊಟ್ಟಿದ್ದರು: ಆ ಕಂದು ನೀರನ್ನು ತೆಳ್ಳಗೆ ಮಾಡಿ ಹರಿಸಿದರೆ ಬೆಳೆಗೆ ಒಳ್ಳೆಯದೋ ಕೆಟ್ಟದ್ದೋ, ನೋಡಿ ಹೇಳಿ. ಮೊದಲ ಕ್ಯಾನು ನೀರು ಹೊತ್ತು ತಂದವಳು ಅವನ ಅಕ್ಕನೇ. ತರಕಾರಿ ಸಸಿ ಬೆಳೆಸಿ ಮಾರುವುದು ಅವಳ ಕಸುಬು. ಕ್ಯಾನಿನ ಮುಚ್ಚಳ ತಿರುವಿದಾಗ ಲ್ಯಾಬಿನ ತುಂಬ ಸುಟ್ಟ ಕಾಕಂಬಿಯ ವಾಸನೆ, ಅದರ ಹಿಂದೆಯೇ ಏನೋ ಕೊಳೆತದ್ದು, ಎರಡೂ ಕೂಡಿ ಬಂದಿದ್ದವು. ಅವನು ಆರು ಬಗೆ ಮಾಡಿದ್ದ: ಬರಿಯ ನೀರು, ಐದು, ಹತ್ತು, ಇಪ್ಪತ್ತೈದು, ಐವತ್ತು, ನೂರು. ಬಗೆಗೆ ನಾಲ್ಕರಂತೆ ಇಪ್ಪತ್ನಾಲ್ಕು ಗಾಜಿನ ಬಟ್ಟಲು, ಬಟ್ಟಲಿಗೆ ಇಪ್ಪತ್ತು ಬೀಜ. ಬಟ್ಟಲಿನ ತಳದ ಮೇಲೆ ಗುರುತು ಬರೆಯಬೇಕು ಎಂದು ಸಂಜೆ ಕಾಲೇಜಿನ ಮೇಷ್ಟ್ರು ಹೇಳಿದ್ದು ಅವನಿಗೆ ನೆನಪಿತ್ತು. ಅಲ್ಲಿ ಬಟ್ಟಲುಗಳೇ ಇರಲಿಲ್ಲ, ಮೇಷ್ಟ್ರು ಬೋರ್ಡಿನ ಮೇಲೆ ಎರಡು ವೃತ್ತ ಎಳೆದು, ಕೆಳಗಿನದಕ್ಕೆ ಸೀಮೆಸುಣ್ಣದಿಂದ ಟಕ್ ಟಕ್ ಎಂದು ಕುಟ್ಟಿ, ಇಲ್ಲಿ ಬರೀಬೇಕು, ಮುಚ್ಚಳ ಎಲ್ಲಿಗೆ ಬೇಕಾದ್ರೂ ಹೋಗತ್ತೆ, ಎಂದಿದ್ದರು. ಆದರೂ ಅವನು ಮುಚ್ಚಳದ ಮೇಲೆ ಬರೆದ. ಈ ಪರೀಕ್ಷೆಯ ಹೊಣೆ ಹೊತ್ತ ವಿಭಾಗದ ಮೇಡಂ ಬಂದು ಬಗ್ಗಿ ನೋಡಿದಾಗ ಮೇಲಿನಿಂದಲೇ ಅಂಕೆಗಳು ಅಚ್ಚುಕಟ್ಟಾಗಿ ಕಾಣಲಿ ಎಂದು. ಅವರು ಕಂಡು, "ನಿಮ್ಮ ಅಂಕೆ ಎಷ್ಟು ದುಂಡಗಿದೆ" ಎಂದಿದ್ದರು. ಅದೊಂದು ಮಾತಿಗೆ ಅವನು ಮೂರು ದಿನ ಹಿಗ್ಗಿದ್ದ. ಮೂರನೆಯ ದಿನವೇ ಮುಚ್ಚಳಗಳ ಒಳಗೆಲ್ಲ ಹಬೆ ಕಟ್ಟಿ ಹನಿ ಉದುರತೊಡಗಿ, ಎಲ್ಲವನ್ನೂ ತೆಗೆದು ಬಟ್ಟೆಯ ಮೇಲೆ ಹರಡಿ ಒಂದೊಂದಾಗಿ ಒರೆಸುತ್ತಿದ್ದಾಗ ಸ್ಟೋರಿನವನು ಬಾಗಿಲಲ್ಲಿ ನಿಂತು, "ಗುರುವೇ, ಸ್ಪಿರಿಟ್ ಬಂದಿದೆ, ಸೈನ್ ಹಾಕು ಬಾ, ಇಲ್ಲಾಂದ್ರೆ ನಾನೇ ಕುಡ್ದು ಮುಗಿಸ್ತೀನಿ" ಎಂದ. ಅವನು ನಗುತ್ತ ಹೋದ, ನಗುತ್ತ ಬಂದ, ಮುಚ್ಚಳಗಳನ್ನು ಮುಚ್ಚಿದ. ಹತ್ತರಿಂದ ಮೇಲಿನವುಗಳ ಕಾಗದ ಚಹಾ ಚೆಲ್ಲಿದಂತೆ ಕಂದಾಗಿದ್ದವು, ಅವುಗಳಲ್ಲಿ ತಪ್ಪಾಗುವ ಸಂಭವವೇ ಇಲ್ಲ. ಆದರೆ ಐದರದ್ದೂ ಬರಿಯ ನೀರಿನದೂ ಕಣ್ಣಿಗೆ ಒಂದೇ. ಬೀಜದ ಸಿಪ್ಪೆಯಿಂದ ಎರಡಕ್ಕೂ ಅಷ್ಟಿಷ್ಟು ಹಳದಿ. ಮುಚ್ಚುವಾಗ ಅವನ ಮನಸ್ಸು ಸ್ಪಿರಿಟ್ಟಿನ ಮಾತಿಗೆ ತಾನು ಕೊಡಬಹುದಾಗಿದ್ದ ಉತ್ತರದ ಮೇಲಿತ್ತು. ಉತ್ತರ ಇಂದಿಗೂ ನೆನಪಿದೆ. ಕೈ ಏನು ಮಾಡಿತು ಎಂಬುದು ನೆನಪಿಲ್ಲ.

ಎಂಟನೆಯ ದಿನ ಅಳೆದಾಗ ಬರಿಯ ನೀರಿನ ಬೇರು ಸರಾಸರಿ ಮೂವತ್ತೆಂಟು ಮಿಲಿಮೀಟರ್, ಐದರದ್ದು ನಲವತ್ತಾರು. ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ತೆಳ್ಳಗೆ ಮಾಡಿದರೆ ಅದರಲ್ಲಿರುವ ಉಪ್ಪುಗಳು ಗೊಬ್ಬರದಂತೆ ಆಗುವುದುಂಟು, ಬೇರೆ ಕಡೆ ಹೀಗೆ ಬಂದದ್ದನ್ನು ಓದಿದ್ದೇನೆ, ಎಂದರು. ಮರುಭಾನುವಾರ ಅವನು ಅಕ್ಕನ ಸಸಿಮಡಿಗೆ ಹೋಗಿ, ಕೇಳುವ ಮೊದಲೇ, ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಹೇಳಿದ. ಆ ಕೈ ಜೇಬಿನಲ್ಲಿದ್ದದ್ದು ಈಗ ನೆನೆದರೂ ಅವನ ಮೈ ಚುರುಗುಟ್ಟುತ್ತದೆ. "ನೂರಕ್ಕೆ ಐದು ಆದ್ರೆ ಧಾರಾಳವಾಗಿ ಹಾಕ್ಬೋದು ಅಕ್ಕಾ. ಬರೀ ನೀರಿಗಿಂತ ಚೆನ್ನಾಗಿ ಬರತ್ತೆ. ನಾನೇ ಅಳ್ದಿರೋದು." ಅಕ್ಕ ಸಸಿ ಕೀಳುತ್ತಿದ್ದವಳು ತಲೆಯೆತ್ತದೆ, "ಓಹೋ, ಸಾಹೇಬ್ರು" ಎಂದಿದ್ದಳು. ಆಮೇಲೆ ಮಂಗಳವಾರ, ತೊಟ್ಟಿಯಲ್ಲಿ ನೆನೆಹಾಕಿದ್ದ ಬಟ್ಟಲುಗಳನ್ನು ತೊಳೆಯುವಾಗ, ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಮುಚ್ಚಳ. ಹೆಬ್ಬೆರಳಿನಿಂದ ಉಜ್ಜಿದರೆ ದುಂಡನೆಯ ಐದು ಅಳಿಸಿಹೋಯಿತು. ಎಡಗೈಯ ಬಟ್ಟಲಿನ ಮೇಲೆ ಏನೂ ಇರಲಿಲ್ಲ. ಯಾವತ್ತೂ ಏನೂ ಇರಲಿಲ್ಲ. ನಲ್ಲಿಯಿಂದ ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಮರುದಿನವೇ ಯಾರಿಗೂ ಹೇಳದೆ ಎರಡನೆಯ ಸಲಕ್ಕೆ ಇಟ್ಟ. ಎಂಟೇ ಬಟ್ಟಲು, ಈ ಸಲ ಗುರುತು ತಳಕ್ಕೆ. ಹಳೆಯ ರಿಜಿಸ್ಟರುಗಳ ಕಪಾಟಿನ ಹಿಂದೆ, ಒಂದು ಪೆಟ್ಟಿಗೆಯೊಳಗೆ. ಮತ್ತೊಮ್ಮೆ ಅದೇ ಲೆಕ್ಕ ಬಂದರೆ ಸರಿ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಬಟ್ಟಲು ಬಚ್ಚಿಟ್ಟ ಮೇಲೆ ಮೊದಲಿನ ತಪ್ಪಿಗಿಂತ ಇದು ದೊಡ್ಡದಾಗಿ ಕಂಡಿತು. ಮೊದಲನೆಯದರಲ್ಲಿ ಅವನ ಗಮನ ಬೇರೆ ಕಡೆ ಇತ್ತು. ಇದರಲ್ಲಿ ಪೂರ್ತಿ ಗಮನವಿತ್ತು.

ಇಂದು ಎಂಟನೆಯ ದಿನ. ವರದಿ ಟೈಪಾಗಿ ಮೇಡಂ ಮೇಜಿನ ಮೇಲಿದೆ, ಮೂರು ಗಂಟೆಗೆ ಸಹಿ, ನಾಳೆ ತೋಟದವರಿಗೆ ಒಂದೊಂದು ಪ್ರತಿ. ಲ್ಯಾಬಿನ ಬಾಗಿಲು ತೆಗೆದು ಕಿಟಕಿ ಪರದೆ ಸರಿಸಿದಾಗ ಬೆಳಕು ಮೇಜುಗಳ ಮೇಲೆ ಉದ್ದಕ್ಕೆ ಬಿತ್ತು. ಪೆಟ್ಟಿಗೆ ಇಳಿಸಿ, ಒದ್ದೆ ಕಾಗದದಿಂದ ಚಿಮುಟದಲ್ಲಿ ಒಂದೊಂದು ಸಸಿ ಎತ್ತಿ, ಗಾಜಿನ ಮೇಲೆ ನೇರವಾಗಿ ಮಲಗಿಸಿ, ಸ್ಕೇಲು ಪಕ್ಕಕ್ಕಿಟ್ಟು ಅಳೆದ. ಕೊನೆಯ ಸಸಿಯವರೆಗೂ ಸರಾಸರಿ ತೆಗೆಯುವುದಿಲ್ಲ ಎಂದು ತನಗೆ ತಾನೇ ಆಣೆ ಇಟ್ಟುಕೊಂಡಿದ್ದರೂ ಮನಸ್ಸು ಮೂಲೆಯಲ್ಲಿ ಕೂತು ಕೂಡಿಸುತ್ತಲೇ ಇತ್ತು. ಹನ್ನೊಂದು ಗಂಟೆಗೆ ಮುಗಿಯಿತು. ಬರಿಯ ನೀರು ನಲವತ್ತೊಂದು. ಐದು, ನಲವತ್ತೆರಡು. ಒಂದು ಮಿಲಿಮೀಟರ್. ಅವನ ಕಣ್ಣು, ಸ್ಕೇಲು, ಕಿಟಕಿಯ ಬೆಳಕು ಮೂರೂ ಕೂಡಿ ಮಾಡುವ ತಪ್ಪೇ ಅಷ್ಟಿರುತ್ತದೆ. ಅದಲುಬದಲಾಗಿತ್ತು ಎಂದೂ ಹೇಳದ, ಆಗಿರಲಿಲ್ಲ ಎಂದೂ ಹೇಳದ ಒಂದು ಮಿಲಿಮೀಟರ್. ನಲವತ್ತಾರು ಬಂದಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು, ಮೂವತ್ತೈದು ಬಂದಿದ್ದರೆ ಓಡಿಹೋಗಿ ಕಾಲಿಗೆ ಬೀಳಬಹುದಿತ್ತು. ಈ ನಲವತ್ತೆರಡನ್ನು ಇಟ್ಟುಕೊಂಡು ಏನು ಮಾಡುವುದು? ಅವನಿಗೆ ನಗು ಬಂತು. ಖಾಲಿ ಲ್ಯಾಬಿನಲ್ಲಿ ಒಬ್ಬನೇ ನಕ್ಕು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದ.

ಮಾಡಲು ಉಳಿದಿದ್ದದ್ದು ಬೇರಿನ ತುದಿಗಳು, ಅಲ್ಲಿ ಕೋಶಗಳು ಸರಿಯಾಗಿ ಒಡೆಯುತ್ತಿವೆಯೋ ಎಂದು ನೋಡುವುದು. ಅಳತೆಗೆ ಸೇರಿಸದ ಕೆಲವು ಸಸಿಗಳಿಂದ ನಿನ್ನೆ ಬೆಳಿಗ್ಗೆಯೇ ಕತ್ತರಿಸಿ ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಟ್ಟಿದ್ದ. ಆಮ್ಲದಲ್ಲಿ ಬೆಚ್ಚಗೆ ಮೆತ್ತಗಾಗಿಸಿ, ಕೆಂಪು ಬಣ್ಣ ಉಣಿಸಿ, ಗಾಜಿನ ಮೇಲಿಟ್ಟು, ಮೇಲೊಂದು ತೆಳುಗಾಜು, ಮೇಲೆ ಮಡಿಸಿದ ಕಾಗದ, ಅದರ ಮೇಲೆ ಹೆಬ್ಬೆರಳು. ಒತ್ತುವಾಗ ಹೆಬ್ಬೆರಳು ಜಾರಬಾರದು, ಹೆದರಲೂಬಾರದು. ಇದೊಂದು ಅವನಿಗೆ ಬರುತ್ತದೆ. ದೊಡ್ಡ ದೊಡ್ಡ ಓದು ಓದಿದವರು ಗಾಜು ಒಡೆದುಕೊಂಡು ಅವನನ್ನು ಕರೆಯುತ್ತಾರೆ. ವಿದ್ಯಾರ್ಥಿಗಳು ಅವನನ್ನು ಕೌಂಟರ್ ಸಾರ್ ಎನ್ನುತ್ತಾರೆ, ಕೈಯಲ್ಲಿ ಯಾವಾಗಲೂ ಒತ್ತಿ ಎಣಿಸುವ ಪುಟ್ಟ ಕೌಂಟರ್ ಇರುವುದರಿಂದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೇಲೆ ಅವನಿಗೆ ಬೇರೆ ಲೋಕ ಬೇಡ. ಕೋಶ ಒಡೆಯುವ ಹಂತಗಳಿಗೆ ಪುಸ್ತಕದಲ್ಲಿ ಉದ್ದುದ್ದ ಹೆಸರುಗಳಿವೆ, ಅವನು ಸಂಜೆ ತರಗತಿಯಲ್ಲಿ ಉರು ಹೊಡೆಯಲು ತನ್ನದೇ ಹೆಸರು ಇಟ್ಟುಕೊಂಡಿದ್ದ, ಈಗಲೂ ಅದೇ ಬಾಯಿಗೆ ಬರುತ್ತದೆ: ಸಿಕ್ಕಾದ ನೂಲು, ಸಾಲು ನಿಂತದ್ದು, ಬೇರೆ ಹೊರಟದ್ದು, ಎರಡು ಮನೆ. ಕಾರ್ಖಾನೆಯ ನೀರು ಐವತ್ತರ ಮಟ್ಟಕ್ಕೆ ಬಂದಾಗ ಆ ನೂಲು, ಅಂದರೆ ವರ್ಣತಂತು, ಬಿಡಿಸಿಕೊಳ್ಳುವುದೇ ಇಲ್ಲ, ಒದ್ದೆಯಾದ ಉಂಡೆಯಂತೆ ಕೋಶದ ಮೂಲೆಗೆ ಅಂಟಿ ಕೂತಿರುತ್ತದೆ. ನೂರರಲ್ಲಿ ಬೀಜಗಳು ಇಟ್ಟ ಹಾಗೇ ಕರಿಯ ಚುಕ್ಕೆಗಳಾಗಿ ಉಳಿದಿದ್ದವು. ಅಷ್ಟು ಖಚಿತ. ಅಷ್ಟಕ್ಕೆ ಯಾವ ಮುಚ್ಚಳದ ಹಂಗೂ ಇಲ್ಲ.

ಐದರ ತುದಿಗಳಲ್ಲಿ ಎಲ್ಲವೂ ಸುಖವಾಗಿ ನಡೆದಿತ್ತು. ಎರಡು ಮನೆ, ಎರಡು ಮನೆ, ಸಾಲು ನಿಂತದ್ದು. ತಟಕ್ ತಟಕ್ ಎಂದು ಕೌಂಟರ್ ಒತ್ತುತ್ತ ಹೋದವನು ಒಂದು ಕಡೆ ನಿಂತ. ಬೇರೆ ಹೊರಟ ಎರಡು ಗುಂಪುಗಳ ನಡುವೆ ಒಂದು ಎಳೆ ಬಿಡಿಸಿಕೊಳ್ಳದೆ ಉಳಿದಿತ್ತು, ಸೇತುವೆಯ ಹಾಗೆ. ಅಕ್ಕ ಮದುವೆಯಾಗಿ ಹೊರಟ ದಿನ ಅವಳ ಬಟ್ಟೆಯ ಅಂಚು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಎಲ್ಲರೂ ಅಳುತ್ತಿದ್ದರು, ಅವಳು ಮಾತ್ರ "ಲೋ, ಬಿಡ್ಸೋ, ಹರಿಯತ್ತೆ" ಎಂದು ಅವನನ್ನು ಬೈದಿದ್ದಳು. ಹದಿನಾಲ್ಕು ವರ್ಷದ ಅವನು ಬಿಡಿಸಲಿಕ್ಕೆ ಬೇಕೆಂದೇ ತಡ ಮಾಡಿದ್ದ. ಇನ್ನೂ ಹಿಂದೆ, ಅವನಿಗೆ ಒಂಬತ್ತು ವರ್ಷ, ಅಮ್ಮ ಹುಷಾರಿಲ್ಲದೆ ಮಲಗಿದ್ದಾಗ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು ಮತ್ತೆ ತುಂಬಿಸಿದವನು ಅವನೇ. ಅಮ್ಮ ಮುಚ್ಚಳಗಳ ಮೇಲೆ ಚೀಟಿ ಅಂಟಿಸಿದ್ದಳು. ಆ ಸಂಜೆ ಅಕ್ಕನ ಶಾಲೆಯ ಹೆಡ್‌ಮಿಸ್ ಅಮ್ಮನನ್ನು ನೋಡಲು ಬಂದರು, ಅಕ್ಕ ಚಹಾ ಕೊಟ್ಟಳು, ಅವರು ಒಂದು ಗುಟುಕು ಕುಡಿದು, ಅಕ್ಕನ ಮುಖ ನೋಡಿ, ಪೂರ್ತಿ ಲೋಟ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು. ಪಾತ್ರೆಯಲ್ಲಿ ಉಳಿದದ್ದನ್ನು ಬಾಯಿಗಿಟ್ಟುಕೊಂಡಾಗಲೇ ಅಕ್ಕನಿಗೆ ತಾನು ಹಾಕಿದ್ದು ಸಕ್ಕರೆಯಲ್ಲ, ಉಪ್ಪು ಎಂದು ತಿಳಿದದ್ದು. ಅವಳು ಅವನನ್ನು ಹೊಡೆಯಲಿಲ್ಲ. ಅಂದಿನಿಂದ ಅವನು ಮುಟ್ಟಿದ್ದನ್ನು ನೆಕ್ಕಿ ನೋಡದೆ ಬಳಸುವುದಿಲ್ಲ, ಅಷ್ಟೇ.

ಐನೂರು ಕೋಶಕ್ಕೆ ಐದರಲ್ಲಿ ಮೂರು ಸೇತುವೆ, ಬರಿಯ ನೀರಿನಲ್ಲಿ ಒಂದು. ಬರಿಯ ನೀರಿನಲ್ಲೂ ಒಂದು ಸಿಗುತ್ತದೆ, ಎಲ್ಲ ಜೀವಕ್ಕೂ ಅಷ್ಟು ಎಡವಟ್ಟು ಇದ್ದದ್ದೇ. ಮೂರು ಹೆಚ್ಚೋ? ಐನೂರಕ್ಕೆ ಮೂರನ್ನು ನಂಬಬಹುದೋ? ಸಾವಿರ ಎಣಿಸಬೇಕಿತ್ತು, ಎರಡು ಸಾವಿರ. ಮೂರು ಗಂಟೆಯಾಗಿತ್ತು.

ಮೇಡಂ ಕೋಣೆಗೆ ಅವನು ಎಂಟು ಬಟ್ಟಲುಗಳ ಪೆಟ್ಟಿಗೆಯನ್ನು ಹೊತ್ತುಕೊಂಡೇ ಹೋದ. ಅವರು ಪೆನ್ನಿನ ಕ್ಯಾಪು ತೆಗೆದು ಕಾಗದದ ಮೇಲೆ ಬಗ್ಗಿದ್ದರು.

"ಇಡಿ ಅಲ್ಲಿ. ಏನದು?"

ಅವನು ಹೇಳಿದ. ತಯಾರು ಮಾಡಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ, ಹಬೆಯಿಂದ ಶುರುಮಾಡಿ ಸ್ಟೋರಿನವನ ಸ್ಪಿರಿಟ್ ಜೋಕಿನವರೆಗೆ ಬೇಡದ್ದನ್ನೆಲ್ಲ ಹೇಳಿದ. ಮೇಡಂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕ್ಯಾಪನ್ನು ಪೆನ್ನಿಗೆ ಹಾಕಿದರು.

"ಇದು ನಿಮಗೆ ಯಾವಾಗ ಹೊಳೀತು?"

"ಹೋದ ವಾರ ಮೇಡಂ. ಮಂಗಳವಾರ."

"ಇವತ್ತು ಗುರುವಾರ."

"ಹೌದು."

"ಅಂದ್ರೆ ಒಂಬತ್ತು ದಿನ ನೀವು ಇದನ್ನ ಇಟ್ಕೊಂಡು ಓಡಾಡ್ತಿದ್ರಿ. ನಾನು ಐದರ ಈ ಸಾಲನ್ನ ಮೂರು ಸಲ ತಿದ್ದಿ ತಿದ್ದಿ ಬರ್ದೆ, ನೀವೇ ಪಕ್ಕದಲ್ಲಿ ನಿಂತು ಪುಟ ತಿರುವಿದ್ರಿ."

ಕಿವಿಗಳು ಕೆಂಪಾಗುತ್ತಿರುವುದು ಅವನಿಗೇ ಗೊತ್ತಾಯಿತು. ಗೋಡೆಯ ಗಡಿಯಾರ ನೋಡಿದ, ಅವರ ಮೇಜಿನ ಮೇಲಿನ ಅರ್ಧ ತಿಂದ ಬಿಸ್ಕತ್ತು ನೋಡಿದ. ತನಗಿಂತ ಹತ್ತು ವರ್ಷ ಚಿಕ್ಕವರು ಇವರು, ಎನ್ನುವುದು ಯಾಕೋ ಆಗಲೇ ನೆನಪಾಗಬೇಕೇ.

"ಮತ್ತೆ ಮಾಡಿ ನೋಡಿ ಹೇಳೋಣ ಅಂತ," ಎಂದ.

"ಸರಿಬಂದಿದ್ರೆ ಹೇಳ್ತಿದ್ರಾ?"

ಸುಳ್ಳು ಹೇಳಬಹುದಿತ್ತು, ಅದಕ್ಕೆ ಬೇಕಾದಷ್ಟು ಹೊತ್ತೂ ಇತ್ತು. "ಇಲ್ಲ ಅನ್ಸತ್ತೆ ಮೇಡಂ," ಎಂದ.

ಅವರು ಪೆಟ್ಟಿಗೆಯಿಂದ ಒಂದು ಬಟ್ಟಲು ಎತ್ತಿ, ಬೋರಲು ಮಾಡಿ, ತಳದಲ್ಲಿ ಬರೆದಿದ್ದ ಐದನ್ನು ಬೆಳಕಿಗೆ ಹಿಡಿದು, "ಇದೂ ದುಂಡಗೇ ಇದೆ" ಎಂದರು. "ಆವತ್ತು ನಾನೂ ನೋಡಿದ್ದೆ ಕಣ್ರೀ. ಮುಚ್ಚಳದ ಮೇಲೆ ಬರ್ದಿದ್ದೀರಾ ಅಂತ. ಹೇಳ್ಬೇಕು ಅಂದ್ಕೊಂಡೆ. ಅಕ್ಷರ ಹೊಗಳಿ ಸುಮ್ನಾದೆ. ಹಿರಿಯರು, ಏನಂದ್ಕೋತೀರೋ ಅಂತ." ಪೆನ್ಸಿಲ್ ತೆಗೆದುಕೊಂಡು ವರದಿಯ ಆರನೆಯ ಪುಟದಲ್ಲಿ ಒಂದು ಸಾಲು ಹೊಡೆದು, ಅದರ ಮೇಲೆ ಬರೆದು, ಅವನ ಕಡೆ ತಿರುಗಿಸಿದರು. ಐದರ ಮಟ್ಟದಲ್ಲಿ ಫಲಿತಾಂಶ ಖಚಿತವಿಲ್ಲ, ಮತ್ತೆ ಮಾಡಬೇಕಿದೆ, ಅಲ್ಲಿಯವರೆಗೆ ಬಳಸಬಾರದು. "ಇದಕ್ಕೆ ಸಹಿ ಹಾಕ್ತೀನಿ. ಸೋಮವಾರದಿಂದ ಎಲ್ಲಾನೂ ಹೊಸದಾಗಿ. ಎಂಟಲ್ಲ, ನಲವತ್ತು ಬಟ್ಲು. ಎರಡು ಸಾವಿರ ಕೋಶ. ನಿಮ್ಮ ಹೆಬ್ಬೆಟ್ಟು ಸವೀಲಿ."

"ಆಗ್ಲಿ ಮೇಡಂ," ಎಂದ. ಹೊರಗೆ ಬಂದಾಗ ಅವನಿಗಾದದ್ದು ಅವಮಾನ ಎಂದು ಗೊತ್ತಿತ್ತು. ಆದರೆ ಎರಡು ಸಾವಿರ ಎಂದಾಗ ಒಳಗೆ ಏನೋ ಚಿಗುರಿದ್ದೂ ಸುಳ್ಳಲ್ಲ.

ಇನ್ನು ಅಕ್ಕ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳಿಗೆ ಹೇಗೆ ಹೇಳುವುದೆಂದು ಬಾಯೊಳಗೇ ಅಭ್ಯಾಸ ಮಾಡಿದ. ಪಕ್ಕದವನು ಜರುಗಿ ಕೂತ, ವಾಸನೆಗೋ ಗೊಣಗಾಟಕ್ಕೋ. ಕಾರ್ಖಾನೆಯ ಗೋಡೆ ದಾಟಿದ ಮೇಲೆ ಅವಳ ಸಸಿಮಡಿ, ಹಸಿರು ನೆರಳುಬಟ್ಟೆಯ ಕೆಳಗೆ ಟೊಮೆಟೊ, ಮೆಣಸಿನಕಾಯಿ, ಆಚೆ ಬಯಲಿನಲ್ಲಿ ಈರುಳ್ಳಿ ಮಡಿಗಳು. ಬೇಲಿ ದಾಟುವಾಗಲೇ ಅವನ ಕಣ್ಣಿಗೆ ಬಿದ್ದದ್ದು ಹೊಸ ಕರಿಯ ಪೈಪು. ಗೋಡೆಯ ಕಡೆಯಿಂದ ಬಂದು, ದೊಡ್ಡದೊಂದು ನೀಲಿ ಡ್ರಮ್ಮಿನ ಪಕ್ಕ ನಿಂತಿತ್ತು. ಡ್ರಮ್ಮಿನೊಳಗೆ ಬಗ್ಗಿ ನೋಡಿದ. ತೆಳ್ಳಗಿನ ಚಹಾದ ಬಣ್ಣ.

"ಅಕ್ಕಾ, ಇದು ಯಾವಾಗಿಂದ ಹಾಕ್ತಿದೀಯ?"

ಅಕ್ಕ ಮಡಿಗಳ ನಡುವೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು, ತಲೆಗೆ ಟೋಪಿ. "ನೀನು ಹೇಳಿದ್ಯಲ್ಲ, ಅದರ ಮಾರನೇ ದಿನದಿಂದ. ಹತ್ತು ದಿನ ಆಯ್ತು. ಯಾಕೋ, ಮುಖ ಯಾಕೆ ಹಾಗಿದೆ, ಬಸ್ಸಲ್ಲಿ ಯಾರಾದ್ರೂ ಕಾಲು ತುಳಿದ್ರಾ?"

"ಎಲ್ಲಾ ಮಡಿಗೂ ಹಾಕಿದ್ಯಾ?"

"ಮೊದ್ಲು ಹೇಳು ಏನಾಯ್ತು ಅಂತ."

ಅವನು ನಿಂತುಕೊಂಡೇ ಹೇಳಿದ, ಈ ಸಲ ಕೈಗಳು ಜೇಬಿನಲ್ಲಿರಲಿಲ್ಲ, ಎಲ್ಲಿಡಬೇಕೆಂದೂ ಗೊತ್ತಿರಲಿಲ್ಲ. ಮುಚ್ಚಳ ಎಂಬ ಮಾತು ಬಂದ ಕೂಡಲೇ ಅಕ್ಕನ ಬಾಯಿಯ ಅಂಚು ಅಲುಗತೊಡಗಿತು. ಅವನು ಮುಗಿಸುವ ಹೊತ್ತಿಗೆ ಅವಳು ಟೋಪಿ ತೆಗೆದು ಮುಖ ಮುಚ್ಚಿಕೊಂಡು ನಗುತ್ತಿದ್ದಳು.

"ನಗ್ಬೇಡ ಅಕ್ಕಾ. ಸಸಿ ಹಾಳಾದ್ರೆ?"

"ಬಾ ಇಲ್ಲಿ," ಎಂದು ಎದ್ದು, ಅವನ ತೋಳು ಹಿಡಿದು ಕೊನೆಯ ಮಡಿಗೆ ಕರೆದುಕೊಂಡು ಹೋದಳು. ಅದೊಂದೇ ಮಡಿ, ಮನೆಯ ಜಗುಲಿಯಷ್ಟು ಅಗಲ. ನಡುವೆ ತಗಡು ಹೂತು, ಎರಡು ತುದಿಗೂ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಕೆಂಪು ದಾರ ಬಿಗಿದು ಕಟ್ಟಿತ್ತು. "ದಾರದಿಂದ ಆ ಕಡೆ ಫ್ಯಾಕ್ಟರಿ ನೀರು, ಅದೂ ನೀನು ಹೇಳಿದ ಲೆಕ್ಕಕ್ಕೆ. ಈ ಕಡೆ ಬಾವಿ ನೀರು. ಉಳಿದ ಹದಿನಾರು ಮಡಿಗೂ ಬಾವಿ ನೀರೇ. ನೀನು ಹೇಳ್ದೆ ಅಂತ ಎಲ್ಲಾದಕ್ಕೂ ಸುರೀತೀನಾ? ನಿನ್ನ ಚಹಾ ಕುಡ್ದೋಳು ಕಣೋ ನಾನು."

ಅವನು ಆ ಕೆಂಪು ದಾರವನ್ನು ನೋಡುತ್ತ ನಿಂತ. ಮೊದಲು ಬಂದದ್ದು ನೆಮ್ಮದಿ, ಕಾಲಿನಿಂದ ಮೇಲಕ್ಕೆ, ಬಿಸಿನೀರಿನಲ್ಲಿ ಇಳಿದ ಹಾಗೆ. ಅದರ ಬೆನ್ನಿಗೇ ಒಂದು ಸಣ್ಣ ಚುಚ್ಚು: ಜೇಬಿನಲ್ಲಿ ಕೈಯಿಟ್ಟುಕೊಂಡು ಹೇಳಿದ ದಿನವೂ ಇವಳು ನಂಬಿರಲಿಲ್ಲ. ಓಹೋ ಸಾಹೇಬ್ರು ಎಂದು, ಎದ್ದು, ಗೂಟ ನೆಟ್ಟಿದ್ದಳು. ಈ ಎರಡರಲ್ಲಿ ಯಾವುದು ದೊಡ್ಡದು ಎಂದು ತೂಗಲು ನೋಡಿದ. ಮೂವತ್ತೈದು ವರ್ಷದಿಂದ ಒಬ್ಬರು ತನ್ನ ತಪ್ಪಿಗಾಗಿ ಒಂದಿಷ್ಟು ಜಾಗ ಬಿಟ್ಟುಕೊಂಡೇ ಬದುಕಿದ್ದಾರೆ, ಅದನ್ನು ಒಮ್ಮೆಯೂ ಆಡಿ ತೋರಿಸದೆ. ಚುಚ್ಚು ಹೋಗಲಿಲ್ಲ. ಆದರೆ ಅದೂ ಒಂದು ಹಿತವೇ ಅನ್ನಿಸತೊಡಗಿತು, ಹಳೆಯ ಅಂಗಿಯ ಒರಟು ಕಾಲರಿನಂತೆ. ಗುರುತನ್ನು ಅವಳು ನೆಲಕ್ಕೇ ಹಾಕಿದ್ದಳು. ಮೇಷ್ಟ್ರು ಸೀಮೆಸುಣ್ಣದಿಂದ ಕುಟ್ಟಿ ಹೇಳದೆ, ಸಂಜೆ ಕಾಲೇಜಿಗೆ ಹೋಗದೆ.

"ಯಾವ ಕಡೆದು ಚೆನ್ನಾಗಿದೆ ಹೇಳು," ಎಂದಳು.

ಅವನು ಬಗ್ಗಿದ. "ಈ ಕಡೆದು ಸ್ವಲ್ಪ ದಪ್ಪ ಅನ್ಸತ್ತೆ."

"ನಂಗೆ ಆ ಕಡೆದು ಹಸ್ರು ಜಾಸ್ತಿ ಅನ್ಸತ್ತೆ. ನಿನ್ನೆ ಈ ಕಡೆದು ಅನ್ಸಿತ್ತು."

ಇಬ್ಬರೂ ಪಕ್ಕಪಕ್ಕ ಕೂತು ಆ ಕಡೆಯಿಂದ ಐದು, ಈ ಕಡೆಯಿಂದ ಐದು ಸಸಿ ಮಣ್ಣು ಸಮೇತ ಎಬ್ಬಿಸಿ, ಡಬ್ಬಿಯ ನೀರಿನಲ್ಲಿ ಬೇರು ತೊಳೆದರು. ಅಕ್ಕನ ಬೆರಳುಗಳು ದಪ್ಪ, ಉಗುರಿನೊಳಗೆಲ್ಲ ಮಣ್ಣು, ಆದರೂ ಒಂದು ಬೇರೂ ತುಂಡಾಗಲಿಲ್ಲ. ಬೋರಲು ಹಾಕಿದ ಟ್ರೇ ಮೇಲೆ ಒದ್ದೆ ಬಟ್ಟೆ ಹಾಸಿ ಎರಡು ಸಾಲು ಮಲಗಿಸಿದರು. ಬಿಸಿಲು ಓರೆಯಾಗಿತ್ತು, ಬೇರುಗಳು ಬಿಳಿಯಾಗಿ ಹೊಳೆದವು. ಅವನು ಸ್ಕೇಲು ತೆಗೆಯಲಿಲ್ಲ. ತುದಿ ಕತ್ತರಿಸಲು ಬೆಳಿಗ್ಗೆಯೇ ಒಳ್ಳೆಯದು, ಕೋಶಗಳು ಆಗ ಚುರುಕಾಗಿ ಒಡೆಯುತ್ತಿರುತ್ತವೆ, ಎಂದ. ಆಮೇಲೆ ಕಾರ್ಖಾನೆ ಕಡೆಯ ಐದಕ್ಕೆ ದಾರ ಕಟ್ಟತೊಡಗಿದ, ಎಲ್ಲಕ್ಕೂ ಸೇರಿಸಿ ಒಂದೇ ಗಂಟಲ್ಲ, ಒಂದೊಂದು ಸಸಿಯ ಕತ್ತಿಗೂ ಒಂದೊಂದು ಗಂಟು. ಅಕ್ಕ ನೋಡುತ್ತಿದ್ದಳು.

"ಡ್ರಮ್ ಖಾಲಿ ಮಾಡ್ಲಾ?"

"ಅರ್ಧ ಮಡಿಗೆ ಮಾತ್ರ ಹಾಕು. ಹೀಗೇ ದಾರ ಇರ್ಲಿ. ಇಲ್ಲಿನ ಸಸಿ ಯಾರಿಗೂ ಕೊಡ್ಬೇಡ. ನಾನು ಬಂದು ನೋಡ್ತಿರ್ತೀನಿ."

"ಸರಿ ಸಾಹೇಬ್ರೆ. ಬೆಳಿಗ್ಗೆ ಏಳಕ್ಕೆ ಬಾ, ಚಹಾ ಕೊಡ್ತೀನಿ," ಎಂದು ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಸಕ್ರೆ ನಾನೇ ಹಾಕ್ತೀನಿ."

ಆಮೇಲೆ ನಲವತ್ತು ಬಟ್ಟಲುಗಳನ್ನು ಇಟ್ಟರು, ಎಲ್ಲ ಗುರುತೂ ತಳಕ್ಕೇ. ಆ ಎಣಿಕೆ ಇನ್ನೂ ನಡೆದಿದೆ, ಮುಗಿದಾಗ ಏನು ಬರುತ್ತದೋ ನನಗೆ ಗೊತ್ತಿಲ್ಲ. ಆ ತೆಳ್ಳಗಿನ ಕಂದು ನೀರು ಬೇರನ್ನು ಬೆಳೆಸುತ್ತದೋ, ಬೆಳೆಸುತ್ತಲೇ ಒಳಗೆ ಒಂದೊಂದು ಎಳೆಯನ್ನು ಸಿಕ್ಕಿಸುತ್ತದೋ, ಅದೂ ಗೊತ್ತಿಲ್ಲ. ಮೊದಲ ಸಲದ ಆ ಎಂಟು ಮುಚ್ಚಳಗಳು ತಂತಮ್ಮ ಬಟ್ಟಲಿಗೇ ಹೋಗಿದ್ದವೋ ಇಲ್ಲವೋ ಎಂಬುದು ಮಾತ್ರ ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ಅವನ ಹೆಂಡತಿ ಲಕೋಟೆಗಳನ್ನು ಇನ್ನೊಮ್ಮೆ ಮೂಸಿದಳಂತೆ. ಎಂಟರಲ್ಲೂ ಅದೇ ವಾಸನೆ.